ಗೋಟ್‌ಹಾರ್ಡ್ ಘಾಟಿಯ ಹಳೇ ಕಲ್ಲುಹಾಸಿನ ರಸ್ತೆ: ಚಾರ್ಮಾಡಿ ಓಡಿಸೋರು ಏನೇನು ನೋಡ್ಕೋಬೇಕು?

ಮೂಡಿಗೆರೆ_ತೋಟ:
ಎಲ್ಲರಿಗೂ ನಮಸ್ಕಾರ. ಜೂನ್ ಮೂರನೇ ವಾರ ಅಪ್ಪ, ಅಮ್ಮ, ನಾವಿಬ್ಬರು ಮಿಲಾನ್‌ನಲ್ಲಿ ಬಾಡಿಗೆ ಕಾರು ತಗೊಂಡು ಜ್ಯೂರಿಕ್‌ಗೆ ಹೋಗೋದು ಅಂತಿದೆ. 17 ಕಿ.ಮೀ. ಸುರಂಗದೊಳಗೆ ಹೋಗೋದಕ್ಕಿಂತ ಸ್ವಿಟ್ಜರ್ಲೆಂಡಿನ ಗೋಟ್‌ಹಾರ್ಡ್ ಘಾಟಿಯ ಹಳೇ ಟ್ರೆಮೋಲಾ ರಸ್ತೆ ಹತ್ತಬೇಕು ಅಂತ ಆಸೆ. ಚಾರ್ಮಾಡಿ, ಶಿರಾಡಿ ಅಭ್ಯಾಸ ಇದೆ, ಆದ್ರೆ ರಸ್ತೆಯ ಬಲಗಡೆ ಓಡಿಸಿಲ್ಲ. ಆಗ ದಾರಿ ತೆರೆದಿರುತ್ತಾ? ಲೈಸೆನ್ಸಿಗೆ ಏನು ಮಾಡಿಸ್ಬೇಕು? ಆಟೋಮ್ಯಾಟಿಕ್ ಆದ್ರೆ ಇಳಿಜಾರಲ್ಲಿ ತೊಂದ್ರೆ ಇದೆಯಾ?

ಘಟ್ಟದ_ದಾರಿ (ಸಕಲೇಶಪುರ):
ಒಳ್ಳೇ ಆಯ್ಕೆ ಸರ್. ನೀವು ದಕ್ಷಿಣದಿಂದ ಬರ್ತಿರೋದ್ರಿಂದ ಟ್ರೆಮೋಲಾವನ್ನ ಹತ್ತುತ್ತೀರಿ, ಅದೇ ಸರಿಯಾದ ದಿಕ್ಕು. ಘಾಟಿಯ ದಕ್ಷಿಣ ಬುಡದಲ್ಲಿರೋ ಐರೋಲೋ ಊರು 1,175 ಮೀ., ಘಾಟಿಯ ನೆತ್ತಿ 2,106 ಮೀ. ಅಂದ್ರೆ ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಸುಮಾರು 13 ಕಿ.ಮೀ.ನಲ್ಲಿ 930 ಮೀಟರ್ ಏರಬೇಕು. ಮೇಲಿನ ಭಾಗದಲ್ಲಿ 24 ಹೇರ್‌ಪಿನ್ ಒಂದರ ಮೇಲೊಂದು ಬರ್ತವೆ, ಕಲ್ಲಿನ ತಡೆಗೋಡೆಗಳ ಮೇಲೆ ನಿಂತ ರಸ್ತೆ, ಹಾಸಿರೋದು ಕಡಿದ ಗ್ರಾನೈಟ್ ಕಲ್ಲು. ಸಾರೋಟುಗಳು ಹತ್ತಲಿ ಅಂತ 1820ರ ದಶಕದ ಕೊನೆಗೆ ಕಟ್ಟೋಕೆ ಶುರು ಮಾಡಿದ್ದು. ಕುದುರೆಗೆ ಏರು ತಡೀಬೇಕಲ್ಲ, ಹಾಗಾಗಿ ಕಡಿದಾದ ಏರಿಗಿಂತ ತಿರುವು ಜಾಸ್ತಿ. ಕಾರಿಗೆ ಅದು ಅನುಕೂಲವೇ.

ಕಷ್ಟ ಇರೋದು ಬೇರೆ ಕಡೆ. ನಮ್ಮಲ್ಲಿ ಎಡಗಡೆ ಓಡಿಸೋದ್ರಿಂದ ಎಡ ತಿರುವು ಚಿಕ್ಕದು, ಬಲ ತಿರುವು ಅಗಲ. ಅಲ್ಲಿ ಉಲ್ಟಾ. ಬಲಕ್ಕೆ ತಿರುಗೋ ಹೇರ್‌ಪಿನ್ ಬಿಗಿ, ನೀವು ಕೂತಿರೋದು ಎಡಗಡೆ ಸೀಟಲ್ಲಿ, ಬಲ ಹಿಂದಿನ ಚಕ್ರ ಎಲ್ಲಿದೆ ಅಂತ ಅಂದಾಜು ಸಿಗಲ್ಲ. ಬೇಗ ತಿರುಗಿಸಿದ್ರೆ ಆ ಚಕ್ರ ಅಂಚಿನ ಕಲ್ಲಿಗೆ ಉಜ್ಜಿ ರಿಮ್ ಹೋಗುತ್ತೆ. ತಿರುವಿನ ತನಕ ನೇರ ಹೋಗಿ, ಬಾನೆಟ್ ತಿರುವಿನ ಮೂಲೆ ದಾಟಿದ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ. ಇದಕ್ಕಿಂತ ಅಪಾಯ ಯಾವುದು ಅಂದ್ರೆ, ಫೋಟೋಗೆ ನಿಲ್ಲಿಸಿ ಮತ್ತೆ ಹೊರಡುವಾಗ ಕೈ ತಾನಾಗೇ ಎಡಕ್ಕೆ ಎಳೆಯುತ್ತೆ. ಪಕ್ಕ ಕೂತವರು ಪ್ರತಿ ಸಲ ‘ಬಲ’ ಅಂತ ಬಾಯಿಬಿಟ್ಟು ಹೇಳಲಿ. ಇಂಡಿಕೇಟರ್ ಕಡ್ಡಿ ಎಡಗಡೆ ಇರುತ್ತೆ, ಮೊದಲ ದಿನ ವೈಪರ್ ಆಡ್ತಾನೇ ಇರುತ್ತೆ.

ಕಿರಿದಾದ ಕಡೆ ಎದುರಾದ್ರೆ ಹತ್ತೋ ಗಾಡಿಗೇ ಮೊದಲ ಹಕ್ಕು, ನಮ್ಮ ನಿಯಮವೂ ಅದೇ. ವ್ಯತ್ಯಾಸ ಏನಂದ್ರೆ ಅಲ್ಲಿ ಪಾಲಿಸ್ತಾರೆ. ಹಳದಿ ಅಂಚೆ ಬಸ್ಸು ಓಡೋ ಬೆಟ್ಟದ ರಸ್ತೆಗಳಲ್ಲಿ, ನೀಲಿ ಫಲಕದ ಮೇಲೆ ಹಳದಿ ಕಹಳೆ ಚಿತ್ರ ಇದ್ರೆ, ಬಸ್ಸಿಗೇ ಆದ್ಯತೆ. ಡ್ರೈವರ್ ಹಿಂದೆ ಹೋಗಿ ಅಂತ ಕೈ ಮಾಡಿದ್ರೆ ಹೋಗಲೇಬೇಕು. ಬೇಸಿಗೇಲಿ ಘಾಟಿಯ ಉತ್ತರದ ಊರು ಆಂಡರ್‌ಮಾಟ್‌ನಿಂದ ಕುದುರೆ ಸಾರೋಟೂ ಬರುತ್ತೆ. ಹಾರ್ನ್ ಹೊಡೀದೆ ಅಂತರ ಬಿಟ್ಟು ಹಿಂದೆ ಹೋಗಿ.

ಆರ್‌ಟಿಒ_ಕಾಗದ (ಚಿಕ್ಕಮಗಳೂರು):
ಲೈಸೆನ್ಸಿನ ವಿಷಯ ಮಾತ್ರ ಹೇಳ್ತೀನಿ. ಸ್ವಿಸ್‌ನಲ್ಲಿ ನಮ್ಮ ಲೈಸೆನ್ಸ್ ನಡೆಯುತ್ತೆ, ಆದ್ರೆ ಕಾರು ತಗೊಳ್ಳೋದು ಇಟಲಿಯಲ್ಲಿ, ಅಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಫಾರಂ 4ಎ, ಶುಲ್ಕ ₹1,000, ಅವಧಿ 1 ವರ್ಷ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿ ಜೊತೆಗಿಟ್ಕೊಂಡು ಹೊರಡೋ ಮುಂಚೆ ಇಲ್ಲೇ ಮಾಡಿಸಿ. ಮೂಲ ಲೈಸೆನ್ಸ್ ಇಲ್ಲದೆ ಪರ್ಮಿಟ್ ಒಂದೇ ಸಾಲದು.

ಇನ್ನೊಂದು, ಘಾಟಿ ರಸ್ತೆಗೆ ಟೋಲ್ ಇಲ್ಲ, ಆದ್ರೆ ಕ್ಯಾಸೋ ಗಡಿ ದಾಟಿ ಐರೋಲೋವರೆಗೆ ಬರೋ ಹೆದ್ದಾರಿಗೆ ವಿನ್ಯೆಟ್ (ಹೆದ್ದಾರಿ ಬಳಕೆಯ ಶುಲ್ಕದ ಚೀಟಿ) ಬೇಕು, 40 ಫ್ರಾಂಕ್. ಇಟಲಿ ನಂಬರಿನ ಕಾರಲ್ಲಿ ಇರಲ್ಲ ಅಂತಲೇ ಲೆಕ್ಕ ಹಾಕಿ. ಇಲ್ಲದೆ ಸಿಕ್ಕಿಬಿದ್ರೆ ದಂಡ 200 ಫ್ರಾಂಕ್. ಆನ್‌ಲೈನ್‌ನಲ್ಲಿ ಗಾಡಿ ನಂಬರ್ ಕೊಟ್ಟು ತಗೋಬಹುದು, ನಂಬರ್ ಕೈಗೆ ಸಿಕ್ಕ ಮೇಲೆ ಮಾಡಿ. ಒಂದು ದೇಶದಲ್ಲಿ ತಗೊಂಡು ಇನ್ನೊಂದರಲ್ಲಿ ಬಿಡೋಕೆ ಬಾಡಿಗೆಯವರು ಪ್ರತ್ಯೇಕ ದುಡ್ಡು ಹಾಕ್ತಾರೆ, ಬುಕ್ ಮಾಡುವಾಗಲೇ ಕೇಳಿ.

ಗ್ಯಾರೇಜ್_ಹಾಸನ:
ಬ್ರೇಕ್ ಬಗ್ಗೆ. ನೆತ್ತಿಯಿಂದ ಉತ್ತರಕ್ಕೆ ಆಂಡರ್‌ಮಾಟ್ ದಾಟಿ ಗೋಶೆನನ್‌ಗೆ ಹೋಗೋಷ್ಟರಲ್ಲಿ ಸುಮಾರು 1,000 ಮೀ. ಇಳೀತೀರಿ. ನಾಲ್ಕು ಜನ, ಲಗೇಜು ಸೇರಿ ಗಾಡಿ 1,800 ಕೆ.ಜಿ. ಅಂದ್ಕೊಳ್ಳಿ. ಅಷ್ಟು ಇಳಿಯುವಾಗ ಬಿಡುಗಡೆ ಆಗೋ ಶಕ್ತಿ ಹತ್ತಿರ ಹತ್ತಿರ 5 ಯೂನಿಟ್ ಕರೆಂಟಿನಷ್ಟು. ಅದನ್ನೆಲ್ಲ ಡಿಸ್ಕಿನ ಮೇಲೆ ಹೊರಿಸಿದ್ರೆ ಕಾಯದೆ ಇರುತ್ತಾ? ಪ್ಯಾಡ್ ಕಾದ್ರೆ ಪೆಡಲ್ ಗಟ್ಟಿ ಇರುತ್ತೆ, ಗಾಡಿ ಮಾತ್ರ ಹಿಡಿಯಲ್ಲ. ಬ್ರೇಕ್ ಆಯಿಲ್ ಕುದ್ರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ. ಇದು ಹೆಚ್ಚು ಅಪಾಯ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯದೆ ತಡೀಬೇಕು, ತೇವ ಹೀರಿದ ಮೇಲೆ ಅದರ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತೆ.

ಆಟೋಮ್ಯಾಟಿಕ್ಕೇ ತಗೊಳ್ಳಿ. ಎಡಗಡೆ ಸೀಟು, ಬಲಗೈ ಗೇರು, ಹೊಸ ರಸ್ತೆ ಎಲ್ಲ ಒಟ್ಟಿಗೆ ಬೇಡ. ಆದ್ರೆ ಇಳಿಯುವಾಗ ‘ಡಿ’ಯಲ್ಲಿ ಬಿಡಬೇಡಿ. ಮ್ಯಾನುವಲ್ ಮೋಡಿಗೆ ಹಾಕಿ ಎರಡು ಅಥವಾ ಮೂರನೇ ಗೇರಲ್ಲಿ ಇಂಜಿನ್ನೇ ಹಿಡಿದಿರಲಿ, ಆರ್‌ಪಿಎಂ 3,000–4,000 ಹೋದ್ರೆ ಗಾಬರಿ ಬೇಡ. ಬ್ರೇಕನ್ನ ಸದಾ ಒತ್ತಿಕೊಂಡಿರದೆ ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಸುಟ್ಟ ವಾಸನೆ ಬಂದ್ರೆ ಅಗಲದ ಜಾಗದಲ್ಲಿ ‘ಪಿ’ಗೆ ಹಾಕಿ, 20 ನಿಮಿಷ ಆರಲಿ, ನೀರು ಮಾತ್ರ ಹಾಕಬೇಡಿ. ಹತ್ತುವಾಗ ಡ್ಯುಯಲ್ ಕ್ಲಚ್ (ಒಳಗೆ ಎರಡು ಕ್ಲಚ್ ಇರೋ ಆಟೋಮ್ಯಾಟಿಕ್) ಗಾಡಿಯನ್ನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸ್ಕೋಬೇಡಿ, ಕ್ಲಚ್ ಕಾಯುತ್ತೆ.

ಮೂಡಿಗೆರೆ_ತೋಟ:
ತುಂಬಾ ಉಪಕಾರ. ಮಳೆ, ಮಂಜು ಬಂದ್ರೆ? ಇಷ್ಟು ದೂರ ಹೋಗಿ ಇಟಲಿಯ ಸ್ಟೆಲ್ವಿಯೋ ಘಾಟಿ ಬಿಡಬೇಡ ಅಂತಾನೂ ಒಬ್ಬರು ಹೇಳಿದ್ರು.

ಘಟ್ಟದ_ದಾರಿ (ಸಕಲೇಶಪುರ):
ಸ್ಟೆಲ್ವಿಯೋ 2,757 ಮೀ., ಪ್ರಾತೋ ಕಡೆಯಿಂದ 48 ಹೇರ್‌ಪಿನ್, ನಿಮ್ಮ ದಾರಿಗೆ ಪೂರ್ವದಲ್ಲಿ ತುಂಬ ದೂರ. ಬಲಗಡೆ ಓಡಿಸೋದು ಕಲೀತಿರುವಾಗ, ಹಿರಿಯರನ್ನ ಕೂರಿಸ್ಕೊಂಡು ಬೇಡ.

ಮಳೆಯಲ್ಲಿ ಕಲ್ಲುಹಾಸು ಜಾರುತ್ತೆ, ತಿರುವಿನೊಳಗೆ ಬ್ರೇಕ್ ಒತ್ತಬಾರದು, 20ರ ವೇಗ ಸಾಕು. ಮಂಜು ಕವಿದಿದ್ರೆ ಟ್ರೆಮೋಲಾ ಬಿಟ್ಟು ಪಕ್ಕದ ಅಗಲವಾದ ಹೊಸ ಘಾಟಿ ರಸ್ತೆ ಹಿಡೀರಿ, ಅದೂ ನೆತ್ತಿಗೇ ಹೋಗುತ್ತೆ. ಘಾಟಿ ಸಾಮಾನ್ಯವಾಗಿ ಮೇ ಕೊನೆ, ಜೂನ್ ಶುರುವಿಗೆ ತೆರೆಯುತ್ತೆ. ಹಿಮ ಬಿದ್ರೆ ಜೂನಲ್ಲೂ ಮುಚ್ಚಬಹುದು. ಹೊರಡೋ ಬೆಳಿಗ್ಗೆ ಎರಡೂ ರಸ್ತೆಯ ಸ್ಥಿತಿ ಬೇರೆ ಬೇರೆ ನೋಡಿ, ಐರೋಲೋ ಬಳಿಯ ಫಲಕದಲ್ಲೂ ಇರುತ್ತೆ. ಮುಚ್ಚಿದ್ರೆ 1980ರ ಸುರಂಗವೇ ಗತಿ, ವಾರಾಂತ್ಯದಲ್ಲಿ ಅದಕ್ಕೆ ಉದ್ದ ಸಾಲು. ಮಂಗಳವಾರ, ಬುಧವಾರ ಇಟ್ಕೊಳ್ಳಿ.

ನೆತ್ತಿಯಲ್ಲಿ ಅಪ್ಪನಿಗೆ ಒಂದು ತೋರಿಸಿ. ಉತ್ತರಕ್ಕೆ ಹರಿದ ನೀರು ರೊಯ್ಸ್ ಸೇರಿ ರೈನ್ ಹಿಡಿದು ಉತ್ತರ ಸಮುದ್ರಕ್ಕೆ, ದಕ್ಷಿಣಕ್ಕೆ ಹರಿದಿದ್ದು ಟಿಚೀನೋ, ಪೋ ಮೂಲಕ ಏಡ್ರಿಯಾಟಿಕ್‌ಗೆ. ನಿಮ್ಮ ತಾಲ್ಲೂಕಿನ ಹೇಮಾವತಿ ಮೂಡಣಕ್ಕೆ, ಚಾರ್ಮಾಡಿ ಕೆಳಗಿನ ನೇತ್ರಾವತಿ ಪಡುವಣಕ್ಕೆ ಹೋಗೋ ಹಾಗೇ. ಇಳಿಯುವಾಗ ಶೋಲೆನನ್ ಕಮರಿಯಲ್ಲಿ 1830ರ ಕಲ್ಲಿನ ಡೆವಿಲ್ಸ್ ಬ್ರಿಡ್ಜ್ ಇದೆ, ಪಕ್ಕದ ಸೇತುವೆ 1958ರದ್ದು. ಕಾರು ಮೊದಲೇ ಆಂಡರ್‌ಮಾಟ್ ಊರಲ್ಲಿ ನಿಲ್ಲಿಸಿ ನಡ್ಕೊಂಡು ಹೋಗಿ, ಸೇತುವೆ ಹತ್ತಿರ ರಸ್ತೆ ಬದಿ ನಿಲ್ಲಿಸಬೇಡಿ.

ಮ್ಯಾಪಿನಲ್ಲಿ ಜ್ಯೂರಿಕ್ ಅಂತ ಹಾಕಿದ್ರೆ ಸೀದಾ ಸುರಂಗಕ್ಕೆ ಕರ್ಕೊಂಡು ಹೋಗುತ್ತೆ. ಐರೋಲೋ ಊರನ್ನ ಮೊದಲ ನಿಲ್ದಾಣ ಮಾಡಿ, ಆಮೇಲೆ ಹಳೇ ರಸ್ತೆಯ ಮೇಲೇ ಒಂದು ಗುರುತು ಹಾಕ್ಕೊಳ್ಳಿ.