ಕೈತೋಟದ ತರಗೆಲೆಗೆ ಯಾವ ವ್ಯಾಕ್ಯೂಮ್ ಸರಿ?

ಹೊಂಗೆನೆರಳು:
ಮೈಸೂರು, 40×60 ಸೈಟು. ಒಂದು ಹೊಂಗೆ, ಒಂದು ಮಾವು, ಮೂಲೆಯಲ್ಲಿ ಹಲಸು. ಯುಗಾದಿಗೆ ಮುಂಚಿನ ಎರಡು ತಿಂಗಳು ದಿನಾ ಎರಡು ಗೋಣಿಚೀಲ ತರಗೆಲೆ. ನೆಲದಲ್ಲಿ ಅರ್ಧ ಚಪ್ಪಡಿ ಕಲ್ಲು, ಸ್ವಲ್ಪ ಹುಲ್ಲು, ಗೇಟಿನಿಂದ ಬಾಗಿಲವರೆಗೆ ಬಿಳಿ ಉರುಟುಕಲ್ಲು. ಎಲೆ ಪುಡಿಯಾಗಿ ಸಿಕ್ಕರೆ ಗೊಬ್ಬರಕ್ಕೆ ಬೇಕು. ಅಂಗಡಿಯವರು 600 ವ್ಯಾಟ್‌ನ ಕೈ ಬ್ಲೋವರ್ ತೋರಿಸಿ, "ಇದೇ ಹೀರುತ್ತೆ, ಚೀಲವೂ ಇದೆ" ಅಂತಾರೆ. ಆನ್‌ಲೈನ್‌ನಲ್ಲಿ 3000 ವ್ಯಾಟ್‌ನವು, ಬ್ಯಾಟರಿಯವು ಇವೆ. ಏನು ನೋಡಿ ತಗೊಳ್ಳಲಿ?

ಮೋಟಾರುಮಾತು:
600 ವ್ಯಾಟ್‌ನದು ಬೇಡ. ಅದು ಕಂಪ್ಯೂಟರು, ಎಸಿ ಫಿಲ್ಟರಿನ ದೂಳು ಊದಲು ಮಾಡಿದ್ದು. ಮೂತಿ ಅಷ್ಟು ಸಣ್ಣದಿರುವಾಗ ಒಂದು ಹಲಸಿನೆಲೆ ಅಡ್ಡ ಸಿಕ್ಕರೂ ಕೆಲಸ ನಿಂತಿತು. ಎಲೆ ಹೀರುವ ಕೊಳವೆ ಕನಿಷ್ಠ 4 ಇಂಚು ಅಗಲ ಇರಲಿ.

ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವ "ಗಂಟೆಗೆ ಇಷ್ಟು ಕಿ.ಮೀ." ಊದುವ ಗಾಳಿಯ ವೇಗ. ಹೀರಲು ಬೇಕಾದದ್ದು ಗಾಳಿಯ ಪ್ರಮಾಣ. ನಿಮಿಷಕ್ಕೆ 10 ಘನ ಮೀಟರಿಗಿಂತ ಮೇಲಿರುವುದನ್ನೇ ನೋಡಿ.

ನಿಮ್ಮ ಮನೆಗೆ ಎಲ್ಲಕ್ಕಿಂತ ಮುಖ್ಯ ಫ್ಯಾನ್. ಎಲೆ ಫ್ಯಾನಿನ ನಡುವೆಯೇ ಹಾದು, ಅಲ್ಲೇ ಪುಡಿಯಾಗಿ ಚೀಲ ಸೇರುತ್ತದೆ. ಪ್ಲಾಸ್ಟಿಕ್ ಫ್ಯಾನಾದರೆ ಒಂದು ಉರುಟುಕಲ್ಲು ಸಾಕು, ರೆಕ್ಕೆ ಮುಕ್ಕಾಗುತ್ತದೆ. ಆಮೇಲೆ ತೂಕ ತಪ್ಪಿ ಅದುರತೊಡಗುತ್ತದೆ, ಅದುರಿ ಅದುರಿ ಬೇರಿಂಗ್ ಹೋಗುತ್ತದೆ. ಲೋಹದ ಫ್ಯಾನ್ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳಿ. ಆಗಲೂ ಕಲ್ಲಿನ ದಾರಿಯ ಮೇಲೆ ಹೀರಬೇಡಿ. ಕಡಿಮೆ ವೇಗದಲ್ಲಿ ಎಲೆಯನ್ನು ಚಪ್ಪಡಿಗೆ ಊದಿ ತಂದು, ಅಲ್ಲಿ ಹೀರಿ. ಅದಕ್ಕೇ ವೇಗ ಹೊಂದಿಸುವ ಗುಂಡಿ ಇರುವ ಯಂತ್ರ ಬೇಕು.

ಬ್ಯಾಟರಿ ಲೆಕ್ಕ ನೀವೇ ಹಾಕಿ. 36 ವೋಲ್ಟ್, 4 ಆಂಪಿಯರ್-ಅವರ್ ಅಂದರೆ 144 ವ್ಯಾಟ್-ಅವರ್. ಮೋಟಾರು 800 ವ್ಯಾಟ್ ಎಳೆದರೆ ಹತ್ತು, ಹನ್ನೊಂದು ನಿಮಿಷಕ್ಕೆ ಖಾಲಿ. ದಿನಾ ಎರಡು ಗೋಣಿಗೆ ಸಾಲದು. 2500–3000 ವ್ಯಾಟ್‌ನ ವೈರಿನದೇ ಸರಿ, 40–45 ಲೀಟರ್ ಚೀಲ, ಹೆಗಲ ಪಟ್ಟಿ ಸಮೇತ. ಯಂತ್ರವೇ ಸುಮಾರು 4 ಕೆಜಿ. ಚೀಲ ತುಂಬಿದಾಗ ಪಟ್ಟಿಯಿಲ್ಲದೆ ಕೈ ಸೋಲುತ್ತದೆ.

ಹೊಂಗೆನೆರಳು:
ಧನ್ಯವಾದ. ಪ್ಲಗ್ ಪಾಯಿಂಟ್ ವರಾಂಡದಲ್ಲಿದೆ, ಹಲಸಿನ ಮರಕ್ಕೆ 25 ಮೀಟರ್ ಆಗುತ್ತೆ. ಮಾಮೂಲಿ ಎಕ್ಸ್‌ಟೆನ್ಷನ್ ಬಾಕ್ಸ್ ಸಾಕಾ?

ಮೋಟಾರುಮಾತು:
ಖಂಡಿತ ಬೇಡ. 3000 ವ್ಯಾಟ್ ಅಂದರೆ 230 ವೋಲ್ಟಿಗೆ 13 ಆಂಪಿಯರ್. 6 ಆಂಪಿಯರ್ ಸಾಕೆಟ್ ಕರಗುತ್ತದೆ. 16 ಆಂಪಿಯರಿನದೇ ಆಗಬೇಕು. ತಾಮ್ರದ 1 ಚದರ ಮಿ.ಮೀ. ವೈರನ್ನು 30 ಮೀಟರ್ ಎಳೆದರೆ 14 ವೋಲ್ಟ್‌ನಷ್ಟು ದಾರಿಯಲ್ಲೇ ಹೋಗುತ್ತದೆ, ವೈರು ಬಿಸಿಯಾಗುತ್ತದೆ. 2.5 ಚದರ ಮಿ.ಮೀ.ನ ಮೂರು ಎಳೆ ವೈರ್ ಹಾಕಿದರೆ ನಷ್ಟ 6 ವೋಲ್ಟ್‌ಗೆ ಇಳಿಯುತ್ತದೆ. ರೀಲ್ ಆದರೆ ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ್ದ ಹಾಗೇ ಓಡಿಸಿದರೆ ಒಳಗಿನ ಸುತ್ತುಗಳ ಬಿಸಿ ಹೊರಬರಲು ಜಾಗವಿಲ್ಲದೆ ಇನ್ಸುಲೇಷನ್ ಮೆತ್ತಗಾಗುತ್ತದೆ. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಗೀಸರ್ ಆರಿಸಿ ಓಡಿಸಿ. ಕರೆಂಟು ಹೋದಾಗ ಮನೆಯ ಯುಪಿಎಸ್ ಮೇಲೆ ಹಚ್ಚಬೇಡಿ.

ಸೊಪ್ಪಿನಬೆಟ್ಟ:
ಶಿರಸಿ ಕಡೆ ಎಕರೆಗಟ್ಟಲೆ ದರಕು (ತರಗೆಲೆ) ಒಟ್ಟುವವರಿಗೆ ಹೀರುವ ಯಂತ್ರ ಪ್ರಯೋಜನವಿಲ್ಲ, ಚೀಲ ಖಾಲಿ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಬೆನ್ನಿಗೆ ಹಾಕುವ ಪೆಟ್ರೋಲ್ ಬ್ಲೋವರ್, ಒಂದು ದೊಡ್ಡ ಟಾರ್ಪಾಲು ಸಾಕು. ಟೂ-ಸ್ಟ್ರೋಕ್ ಆದರೆ ಪೆಟ್ರೋಲಿಗೆ ಕೈಪಿಡಿ ಹೇಳಿದಷ್ಟೇ ಎಣ್ಣೆ ಬೆರೆಸಿ; 50:1 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಎಣ್ಣೆ. ಊರೊಳಗಿನ ಸೈಟಿಗೆ ಆ ಶಬ್ದ ಬೇಡ.

ಗೊಬ್ಬರಗುಂಡಿ:
ಬೆಳಗಿನ ಇಬ್ಬನಿ ಆರುವ ಮೊದಲು ಹೀರಬೇಡಿ, ಹನ್ನೊಂದು ಗಂಟೆ ದಾಟಲಿ. ಒದ್ದೆ ಎಲೆ ಕೊಳವೆಯ ತಿರುವಿನಲ್ಲಿ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಶಬ್ದ ಕೇಳಿ ತಿಳಿಯಬಹುದು: ಕೀಚಲಾಗಿ ಏರಿದರೆ ಕೊಳವೆ ಕಟ್ಟಿದೆ, ಗೊರಗುಟ್ಟಿ ಇಳಿದರೆ ಫ್ಯಾನಿಗೇ ಸಿಕ್ಕಿಕೊಂಡಿದೆ. ಪ್ಲಗ್ ಕಿತ್ತ ಮೇಲೆಯೇ ಒಳಗೆ ಕೈ ಹಾಕಿ. ಚೀಲ ಅಥವಾ ಕೊಳವೆ ಸರಿಯಾಗಿ ಕೂರದಿದ್ದರೆ ಎಷ್ಟೋ ಯಂತ್ರಗಳು ಚಾಲೂ ಆಗುವುದೇ ಇಲ್ಲ; ಕೆಟ್ಟಿದೆ ಎಂದು ಅಂಗಡಿಗೆ ಹೊರುವ ಮೊದಲು ಆ ಕ್ಲಿಪ್ ಒತ್ತಿ ನೋಡಿ. ಚೀಲದ ಬಟ್ಟೆಯಿಂದ ನುಣ್ಣನೆ ದೂಳು ಹೊರಬರುತ್ತದೆ, ಮಾಸ್ಕ್ ಹಾಕಿಕೊಳ್ಳಿ. ವಾರಕ್ಕೊಮ್ಮೆ ಚೀಲ ಒಳಮೈ ಹೊರಗೆ ಮಾಡಿ ಕೊಡವಿ. ಬಟ್ಟೆಯ ರಂಧ್ರ ಮುಚ್ಚಿದರೆ ಎಳೆತವೂ ಕುಗ್ಗುತ್ತದೆ.

ಯಂತ್ರದ ಪೆಟ್ಟಿಗೆ ಮೇಲೆ ಕಾಣುವ 10:1 ಪುಡಿ, ಅಂದರೆ ಹತ್ತು ಚೀಲ ಎಲೆ ಒಂದು ಚೀಲಕ್ಕೆ ಇಳಿಯುವುದು, ಗರಿಗರಿ ಒಣಗಿದ ಎಲೆಯ ಲೆಕ್ಕ. ಹೊಂಗೆ ಬೇಗ ಕೊಳೆಯುತ್ತದೆ, ಮಾವು–ಹಲಸು ತೊಗಲಿನಂತಿದ್ದು ತಡ. ಪುಡಿಯನ್ನು ಅರ್ಧ ಅಡಿ ಹರಡಿ, 10 ಲೀಟರ್ ನೀರಿಗೆ 2 ಕೆಜಿ ಸಗಣಿ ಕದಡಿ ಚಿಮುಕಿಸಿ, ಮೇಲೆ ಇನ್ನೊಂದು ಪದರ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಹದಿನೈದು ದಿನಕ್ಕೊಮ್ಮೆ ಮಗುಚಿ, ನಡುವೆ ಒಣಗಿ ಬೆಳ್ಳಗಾಗಿದ್ದರೆ ಮತ್ತೆ ನೀರು ಹಾಕಿ.