ತಮಾ, ಮೊದಲು ಅಟ್ಟ ಹತ್ತಿ ನೋಡು

ತಮಾ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದನ್ನು ಈಗಷ್ಟೇ ಕೇಳಿದೆ. ಕಾರವಾರದಲ್ಲಿ ಬೆಳಗಿಂದ ಒಂದೇ ಸಮ ಮಳೆ, ಹೊರಗೆ ಓಡಾಟ, ಫೋನು ಚೀಲದಲ್ಲೇ ಇತ್ತು. ಶಿರಸಿ ಮನೆಯ ಕಂಪ್ಯೂಟರ್ ಎದ್ದೇಳುತ್ತಿಲ್ಲ, ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ, ಅಂಗಡಿಯವರು ರಿಪೇರಿ ಮಾಡಿಸುತ್ತೀರಾ, ಹೊಸದು ಹಾಕಲಾ ಅಂತ ಕೇಳಿದ್ದಾರೆ, ಒಳಗೆ ಅಜ್ಜನ ತಾಳಮದ್ದಲೆಯ ರೆಕಾರ್ಡಿಂಗ್ ಇದೆ. ಇಷ್ಟೇ ಅಲ್ವಾ? ಸ್ವಲ್ಪ ಉದ್ದ ಆಗುತ್ತದೆ, ಕೇಳು. ಅತ್ತೆ, ನೀವು ಬೇಕಾದರೆ ಬಿಟ್ಟುಬಿಡಿ.

ಆ ಡಿಸ್ಕಿಗೆ ಇನ್ನು ಕರೆಂಟು ಕೊಡಬೇಡ. ಇನ್ನೊಂದೇ ಸಲ ನೋಡೋಣ ಅಂತಲೂ ಬೇಡ. ಒಳಗೆ ಕನ್ನಡಿಯಂಥ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಲ್ಯಾಪ್‌ಟಾಪಿನದ್ದಾದರೆ ಹೆಚ್ಚಾಗಿ 5400. ಅದನ್ನು ಓದುವ ಹೆಡ್ಡು ತಟ್ಟೆಗೆ ತಾಗುವುದೇ ಇಲ್ಲ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ಟಿಕ್ ಟಿಕ್ ಅಂದರೆ ಹೆಚ್ಚಾಗಿ ಆ ಹೆಡ್ಡೇ ಕೆಟ್ಟಿದೆ ಅಂತ. ಜಾಗ ಸಿಗದೆ ಹೋಗಿ ಬಂದು ಮಾಡುತ್ತದೆ. ಕೆಟ್ಟ ಹೆಡ್ಡು ತಾಗಿ ತಟ್ಟೆ ಗೀರಿಹೋದರೆ ಅಲ್ಲಿದ್ದದ್ದು ಪುಡಿ. ಕೆಟ್ಟ ಡಿಸ್ಕಿನಿಂದ ಫೈಲು ತೆಗೆದುಕೊಡುವ ಯಾವ ಲ್ಯಾಬಿನವರೂ ಅದನ್ನು ವಾಪಸ್ ತರಲಾರರು.

ನಾನು ಮಾಡಿದ್ದನ್ನು ಹೇಳುತ್ತೇನೆ. ನನ್ನ ಹಳೇ ಡಿಸ್ಕ್ ಒಂದು ಸಲ ನಿಧಾನ ಆಯಿತು. ಫೋಲ್ಡರ್ ತೆರೆಯುವಷ್ಟರಲ್ಲಿ ಚಾ ಕುಡಿದು ಬರಬಹುದಿತ್ತು. ಆಗಿನ್ನೂ ಎಲ್ಲ ಕಾಣುತ್ತಿತ್ತು. ಬೇಕಾದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದರೆ ಮುಗಿದಿತ್ತು. ನಾನು ದೊಡ್ಡ ಬುದ್ಧಿವಂತ, ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ಚೆಕ್‌ಡಿಸ್ಕ್ ಅನ್ನೋ ಪ್ರೋಗ್ರಾಮ್ ಓಡಿಸಿ ಮಲಗಿದೆ. ರಾತ್ರಿಯಿಡೀ ಕೆರೆದು ಬೆಳಿಗ್ಗೆ ಡಿಸ್ಕ್ ಸತ್ತಿತ್ತು. ಮಗಳ ಮೊದಲ ವರ್ಷದ ಫೋಟೋ ಅರ್ಧ ಹೋಯಿತು. ನನ್ನ ಹೆಂಡತಿ ಈಗಲೂ ಅದನ್ನು ಎತ್ತುತ್ತಾಳೆ.

ತಾಳು, ಕುಕ್ಕರ್ ಇಳಿಸಿ ಬಂದೆ.

ಹ್ಞಾಂ, ರಿಪೇರಿ. ಇದು ಮಿಕ್ಸಿ ರಿಪೇರಿ ಥರ ಅಲ್ಲ. ಲ್ಯಾಬಿನವರು ಧೂಳಿಲ್ಲದ ಕೋಣೆಯಲ್ಲಿ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ಡು ತೆಗೆದು ಇದಕ್ಕೆ ಹಾಕಿ, ಓದಿದಷ್ಟು ಓದಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ತುಂಬಿ ಕೊಡುತ್ತಾರೆ. ಹಳೇದನ್ನು ಮತ್ತೆ ನಂಬಿ ಬಳಸುವ ಹಾಗಿಲ್ಲ. ಅಂದರೆ ಹೊಸದು ಹೇಗಿದ್ದರೂ ಕೊಳ್ಳಲೇಬೇಕು. ಒಳಗಿದ್ದದ್ದನ್ನು ತೆಗೆಸಲು ದುಡ್ಡು ಹಾಕುತ್ತೇವಾ ಅಂತಷ್ಟೇ ಯೋಚಿಸು. ಅದು ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಡಿಸ್ಕಿಗೆ ಅಂಟಿಕೊಂಡಿರುವ ಸರ್ಕ್ಯೂಟ್ ಬೋರ್ಡ್ ಬದಲಾಯಿಸಿ ನೋಡುತ್ತೇವೆ ಅಂದರೂ ಒಪ್ಪಬೇಡ. ಆಯಾ ಡಿಸ್ಕಿನ ಅಳತೆಗಳು ಅದರ ಬೋರ್ಡಿನ ಚಿಪ್ಪಿನಲ್ಲೇ ಇರುತ್ತವೆ, ಬೇರೆಯದು ಸುಮ್ನೆ ಹಾಕಿದರೆ ನಡೆಯುವುದಿಲ್ಲ. ವಾರಂಟಿ ಇದ್ದರೆ ಕಂಪನಿ ಬದಲಿ ಡಿಸ್ಕ್ ಕೊಡುತ್ತದೆ, ತಾಳಮದ್ದಲೆ ಕೊಡುವುದಿಲ್ಲ.

ಮತ್ತೆ ಫ್ರೀಜರಿನಲ್ಲಿಡು ಅಂತ ಯಾರೋ ಹಾಕಿದ್ದೀರಲ್ಲ, ಮಾರಾಯರೇ! ಈ ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟ್ಲಿ ಹೇಗೆ ಬೆವರುತ್ತದೆ ನೋಡಿದ್ದೀರಲ್ವಾ? ಆ ಡಿಸ್ಕೂ ಹಾಗೇ ಬೆವರುತ್ತದೆ.

ಈಗ ಒಳಗೇನಿದೆ ಲೆಕ್ಕ ಹಾಕು. 2024ರ ಮಾರಿಕಾಂಬಾ ಜಾತ್ರೆಯ ಫೋಟೋ ನಮ್ಮೆಲ್ಲರ ಫೋನಿನಲ್ಲೂ ಇದೆ. ಅಡಿಕೆ ಲೆಕ್ಕ ಚಿಕ್ಕಪ್ಪನ ಪುಸ್ತಕದಲ್ಲಿದೆ, ಅವರು ಕಂಪ್ಯೂಟರನ್ನು ಯಾವತ್ತೂ ನಂಬಿದವರಲ್ಲ. ಉಳಿದದ್ದು ಅಜ್ಜನ ದನಿ ಮಾತ್ರ. ಅದನ್ನು ತುಂಬಿಸಿದ್ದು ಕ್ಯಾಸೆಟ್ಟಿನಿಂದ. ಆ ಕ್ಯಾಸೆಟ್ಟುಗಳೆಲ್ಲಿ? ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಆಯಿ ಅಟ್ಟದ ಮೇಲೆ ಇಟ್ಟಿದ್ದು ನನಗೆ ನೆನಪಿದೆ. ಆಯೀ, ಹೌದಲ್ವಾ?

ಅವು ಇದ್ದರೆ ಲ್ಯಾಬ್ ಬೇಡವೇ ಬೇಡ. ಟೇಪಿಗೆ ಬೂಷ್ಟು ಹಿಡಿದಿದ್ದರೆ ಮಾತ್ರ ಪ್ಲೇಯರಿಗೆ ಹಾಕಬೇಡ, ಹಾಗೇ ಇಡು, ನಾನು ಬಂದು ನೋಡುತ್ತೇನೆ. ಕ್ಯಾಸೆಟ್ಟೇ ಇಲ್ಲದಿದ್ದರೆ ಡಿಸ್ಕನ್ನು ದಪ್ಪ ಸ್ಪಂಜಿನಲ್ಲಿ ಸುತ್ತಿಡು, ಲ್ಯಾಬಿಗೆ ಕೊಡೋಣ. ಪರೀಕ್ಷೆಗೆ ಎಷ್ಟು, ಏನೂ ಸಿಗದಿದ್ದರೆ ಎಷ್ಟು, ಎರಡನ್ನೂ ಮೊದಲೇ ಕೇಳೋಣ. ದುಡ್ಡು ಹಂಚಿಕೊಳ್ಳೋಣ, ನನ್ನ ಪಾಲು ನಾನು ಹಾಕುತ್ತೇನೆ.

ಅಂಗಡಿಯವರಿಗೆ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ಚಿಪ್ಪಿನ ಡಿಸ್ಕ್, ಹಾಕಿ ಅನ್ನು, ಹಳೇ ಡಿಸ್ಕ್ ವಾಪಸ್ ತಗೋ. ಕಾಪಿಗೆ ಬೇರೆ ಒಂದು ಹಾರ್ಡ್ ಡಿಸ್ಕ್ ಬೇಕು. ವರ್ಷಗಟ್ಟಲೆ ಕಪಾಟಿನಲ್ಲಿಡಲು ಎಸ್‌ಎಸ್‌ಡಿ ಒಳ್ಳೇದಲ್ಲ. ಗುಡುಗು ಶುರುವಾದರೆ ಕಂಪ್ಯೂಟರು, ಕಾಪಿ ಡಿಸ್ಕ್ ಎರಡನ್ನೂ ಪ್ಲಗ್ಗಿನಿಂದ ಕೀಳು.

ಅಟ್ಟದ ಏಣಿಯ ಎರಡನೇ ಮೆಟ್ಟಿಲು ಅಲ್ಲಾಡುತ್ತದೆ, ಜೋಪಾನ. ಡಬ್ಬಿ ಸಿಕ್ಕಿದರೆ ಫೋಟೋ ಹಾಕು, ಎಚ್ಚರ ಇರುತ್ತೇನೆ.