ನನ್ನ ಇಂಗ್ಲಿಷಿನಲ್ಲಿ ನಮ್ಮೂರಿನ ಧಾಟಿ ಇದೆ, ಬದಲಾಯಿಸಿಕೊಳ್ಳಬೇಕೇ? ಅನುಭವಿಗಳು ದಯವಿಟ್ಟು ತಿಳಿಸಿ

ಪ್ರಶ್ನೆ: ಸಿಂಧನೂರು ಕಡೆಯವಳು, ಈಗ ಬೆಂಗಳೂರಿನಲ್ಲಿ ಉದ್ಯೋಗ

ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷಗಳಿಂದ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಾನು ಬರೆಯುವ ಇಂಗ್ಲಿಷಿನ ಬಗ್ಗೆ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ. ಬಾಯಿ ತೆರೆದಾಗಲೇ ತೊಂದರೆ. ಕಳೆದ ತಿಂಗಳು ವಿದೇಶಿ ಗ್ರಾಹಕರೊಂದಿಗೆ ಮಾತನಾಡುವಾಗ ನಾನು 13ನೇ ತಾರೀಖು ಎಂದದ್ದನ್ನು ಅವರು 30 ಎಂದು ಬರೆದುಕೊಂಡರು. ಕರೆ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ನಾನು ಹೇಳಿದ್ದನ್ನು ಅಣಕಿಸಿ ತೋರಿಸಿದರು, ಉಳಿದವರು ನಕ್ಕರು. ನಮ್ಮ ಟೀಮ್ ಲೀಡ್ ನನ್ನ ಮಾತಿನಲ್ಲಿ 'ಎಂಟಿಐ', ಅಂದರೆ ಮಾತೃಭಾಷೆಯ ಪ್ರಭಾವ, ಹೆಚ್ಚಾಗಿದೆ ಎಂದು ಹೇಳಿ, 18,000 ರೂಪಾಯಿಯ ಒಂದು ಉಚ್ಚಾರಣಾ ತರಬೇತಿಗೆ ಸೇರಲು ಸೂಚಿಸಿದ್ದಾರೆ. ನನಗೆ ಹೆಚ್ಚು ನೋವಾದದ್ದು ಏನೆಂದರೆ, ನಾನು ಕನ್ನಡದಲ್ಲಿ 'ಹೌದ್ರಿ', 'ಏನ್ ಮಾಡಾಕತ್ತೀರಿ' ಎಂದಾಗಲೂ ಇವರೇ ನಗುತ್ತಾರೆ. ಹಣ ಕಟ್ಟಿ ಮಾತನ್ನು ಬದಲಾಯಿಸಿಕೊಳ್ಳಬೇಕೇ? ಬದಲಾಯಿಸದೆಯೇ ಮುಂದೆ ಬಂದವರು ಇದ್ದರೆ ಹೇಗೆ ನಿಭಾಯಿಸಿದಿರಿ?

ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಧಾರವಾಡ

ತಂಗೀ, ನಿನ್ನ ಬರಹ ಓದಿ ನನ್ನ ತರಗತಿಯ ಎಷ್ಟೋ ಹೆಣ್ಣುಮಕ್ಕಳ ಮುಖ ಕಣ್ಣ ಮುಂದೆ ಬಂದವು. ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವಳಾಗಿ ಮೊದಲು ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಕೇಳುವವರಿಗೆ ಅರ್ಥವಾಗದಂತೆ ಮಾಡುವ ದೋಷ ಬೇರೆ, ಮಾತನಾಡುವವರ ಊರು ಯಾವುದೆಂದು ತಿಳಿಸುವ ಗುರುತು ಬೇರೆ. ಮೊದಲನೆಯದನ್ನು ತಿದ್ದಿಕೊಳ್ಳಲೇಬೇಕು, ಎರಡನೆಯದನ್ನು ಮುಟ್ಟುವ ಅಗತ್ಯವಿಲ್ಲ. ನಿನ್ನನ್ನು ಅಣಕಿಸಿದವರು ಇವೆರಡನ್ನೂ ಒಂದೇ ಎಂದು ತಿಳಿದಿದ್ದಾರೆ.

ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ನಮ್ಮನ್ನು ತರಬೇತಿಗೆ ಕಳುಹಿಸಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೇಪಿನಲ್ಲಿ ಬರುತ್ತಿದ್ದ ಇಂಗ್ಲೆಂಡಿನ ಧ್ವನಿಯನ್ನು ಕೇಳಿ ಕೇಳಿ ಹೇಳುತ್ತಿದ್ದೆವು. ಆ ಧ್ವನಿಯೇ ಇಂಗ್ಲಿಷಿನ ಮೂಲರೂಪವೆಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಓದಿ ತಿಳಿದದ್ದೇ ಬೇರೆ. ಆ ಮಾದರಿಯನ್ನು 1917ರಲ್ಲಿ ತನ್ನ ಉಚ್ಚಾರಣಾ ನಿಘಂಟಿನಲ್ಲಿ ದಾಖಲಿಸಿದ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್, ಅದು ದಕ್ಷಿಣ ಇಂಗ್ಲೆಂಡಿನಲ್ಲಿ ಗಂಡುಮಕ್ಕಳನ್ನು ದೊಡ್ಡ ವಸತಿಶಾಲೆಗಳಿಗೆ ಕಳುಹಿಸುವ ಕುಟುಂಬಗಳ ಮಾತು ಎಂದು ತಾನೇ ವಿವರಿಸಿದ್ದ. ಇಂಗ್ಲೆಂಡಿನ ಬಹುಪಾಲು ಜನರಿಗೇ ಅದು ಮನೆಯ ಮಾತಲ್ಲ.

ಈಗ 13 ಮತ್ತು 30ರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದು ನಿಜವಾಗಿ ತಿದ್ದಿಕೊಳ್ಳಬೇಕಾದದ್ದು. ಕನ್ನಡದಲ್ಲಿ ಅರ್ಥ ನಿಂತಿರುವುದು ಸ್ವರದ ಉದ್ದದ ಮೇಲೆ ಮತ್ತು ಒತ್ತಕ್ಷರದ ಮೇಲೆ. 'ಬಲ' ಬೇರೆ, 'ಬಾಲ' ಬೇರೆ. 'ಕತೆ' ಬೇರೆ, 'ಕತ್ತೆ' ಬೇರೆ. ನಮ್ಮ ಒಂದನೆಯ ತರಗತಿಯ ಮಗು ಇದರಲ್ಲಿ ತಪ್ಪುವುದಿಲ್ಲ, ಆದರೆ ಲಂಡನ್ನಿನಿಂದ ಬಂದ ಅತಿಥಿಯ ಕಿವಿಗೆ ಕತೆಯೂ ಕತ್ತೆಯೂ ಒಂದೇ ಆಗಿ ಕೇಳಿಸಬಹುದು. ಇಂಗ್ಲಿಷಿನವರ ಕಿವಿ ಕಾಯುತ್ತಿರುವುದು ಬೇರೊಂದಕ್ಕೆ. ಪದದ ಯಾವ ಭಾಗವನ್ನು ಒತ್ತಿ ಹೇಳಿದರು ಎಂಬುದರಿಂದ ಅವರು ಪದವನ್ನು ಗುರುತಿಸುತ್ತಾರೆ. 'ಫೋಟೋಗ್ರಾಫ್' ಎಂಬಲ್ಲಿ ಒತ್ತು ಮೊದಲ ಭಾಗದ ಮೇಲಿದೆ. 'ಫೋಟೋಗ್ರಫಿ' ಎಂಬಲ್ಲಿ ಅದು ಎರಡನೆಯ ಭಾಗಕ್ಕೆ ಜಾರಿ, ಮೊದಲಿನ 'ಫೋ' ಸೊರಗಿ, ಪದವೆಲ್ಲ 'ಫಟಾಗ್ರಫಿ' ಎಂಬಂತೆ ಕೇಳುತ್ತದೆ. ನಾವು ಎರಡರಲ್ಲೂ ಎಲ್ಲ ಅಕ್ಷರಗಳಿಗೂ ಸಮನಾದ ತೂಕ ಕೊಡುತ್ತೇವೆ, ಏಕೆಂದರೆ ನಮ್ಮ ಭಾಷೆ ನಮಗೆ ಕಲಿಸಿದ್ದು ಅದನ್ನೇ. 'ಥರ್ಟಿ' ಎಂಬಲ್ಲಿ ಮೊದಲ ಭಾಗವನ್ನು ಒತ್ತಿ, ಕೊನೆಯ 'ಟಿ'ಯನ್ನು ಹ್ರಸ್ವವಾಗಿ ಬಿಡು. 'ಥರ್ಟೀನ್' ಎಂಬಲ್ಲಿ 'ಟೀ'ಯನ್ನು ಎಳೆದು, ನಾಲಿಗೆಯ ತುದಿಯನ್ನು 'ನ್' ಮೇಲೆ ಒಂದು ಕ್ಷಣ ನಿಲ್ಲಿಸು. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಸಾಕು, ಇದಕ್ಕೆ ಹದಿನೆಂಟು ಸಾವಿರ ಬೇಡ.

ಇನ್ನು ನಾವು 'ಎಂಡ್' ಎಂಬುದನ್ನು 'ಯೆಂಡ್' ಎನ್ನುತ್ತೇವೆ, 'ಓಪನ್' ಎಂಬುದನ್ನು 'ವೋಪನ್' ಎನ್ನುತ್ತೇವೆ, 'ಸಮರ್' ಎಂಬ ಪದದ ಕಾಗುಣಿತದಲ್ಲಿ ಎರಡು 'ಎಂ' ಕಂಡು 'ಸಮ್ಮರ್' ಎನ್ನುತ್ತೇವೆ. ಕೇಳುವವರಿಗೆ ಇವುಗಳಿಂದ ಅರ್ಥ ಕೆಡುವುದು ಅಪರೂಪ, ಬಿಡುವಾದಾಗ ನೋಡಿಕೊಂಡರಾಯಿತು. ನಿನ್ನ ಕನ್ನಡಕ್ಕೆ ನಗುವವರ ಬಗ್ಗೆ ಒಂದೇ ಮಾತು: ಈ ಊರಿನ ಆಡುಮಾತಿನಲ್ಲಿಯೇ ಕವಿತೆ ಕಟ್ಟಿದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತು.

ಬ್ಯಾಂಕ್ ಗ್ರಾಹಕ ಸೇವೆಯಲ್ಲಿರುವವರು, ಮಂಡ್ಯ

ಮೇಡಂ ಅವರ ಮಾತಿಗೆ ನನ್ನ ಗೌರವವಿದೆ, ಆದರೆ ಊರಿನ ಗುರುತನ್ನು ಮುಟ್ಟುವ ಅಗತ್ಯವಿಲ್ಲ ಎಂಬುದನ್ನು ಪೂರ್ತಿಯಾಗಿ ಒಪ್ಪಲಾರೆ. ನಮ್ಮ ಕಡೆ ಮನೆಯಲ್ಲಿ 'ಹಾಲು' ಎಂಬುದು 'ಆಲು', 'ಹತ್ತು' ಎಂಬುದು 'ಅತ್ತು'. ಅದೇ ರೂಢಿ ನನ್ನ ಇಂಗ್ಲಿಷಿಗೂ ಬಂದಿತ್ತು. ಒಮ್ಮೆ ಹಿರಿಯ ಗ್ರಾಹಕರೊಬ್ಬರಿಗೆ ಫೋನಿನಲ್ಲಿ ನಿಮ್ಮ ಖಾತೆ 'ಹೋಲ್ಡ್' ಆಗಿದೆ ಎಂದು ಹೇಳಿದ್ದು ಅವರಿಗೆ 'ಓಲ್ಡ್' ಎಂದು ಕೇಳಿಸಿತು. ಹಳೆಯ ಖಾತೆಯಾದರೆ ತೊಂದರೆಯೇನೂ ಇಲ್ಲವೆಂದು ತಿಳಿದು ಅವರು ಸುಮ್ಮನಾದರು. ಮೂರು ದಿನಗಳ ನಂತರ ಅವರ ಚೆಕ್ ವಾಪಸಾಯಿತು. ಶಾಖೆಗೆ ಬಂದು ಅವರು ನನ್ನ ಮುಂದೆ ನಿಂತ ಆ ದಿನವನ್ನು ನಾನು ಮರೆತಿಲ್ಲ. ಊರಿನ ಗುರುತೇ ಅರ್ಥವನ್ನು ಕೆಡಿಸುವ ದೋಷವೂ ಆಗಬಹುದು ಎಂಬುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುವವರೆಗೆ 'ಹೋಲ್ಡ್', 'ಹೌಸ್', 'ಹೆಲ್ಪ್' ಎಂದು ಎರಡು ತಿಂಗಳು ಹೇಳಿಕೊಂಡೆ. ಮನೆಯಲ್ಲಿ ಅವ್ವನ ಜೊತೆ ಮಾತನಾಡುವಾಗ ಇಂದಿಗೂ ಆಲೇ ಕುಡಿಯುತ್ತೇನೆ.

ಶಿಕ್ಷಕಿಯವರ ಉತ್ತರ: ನೀವು ಹೇಳಿದ್ದು ಸರಿ ಇದೆ. ಅರ್ಥ ಕೆಟ್ಟಿತೆಂದ ಮೇಲೆ ಅದು ಗುರುತಾಗಿ ಉಳಿಯುವುದಿಲ್ಲ, ನನ್ನ ಮಾತಿಗೆ ಇದನ್ನು ಸೇರಿಸಿಕೊಳ್ಳಿ.

ವಿಮಾನ ಸಂಚಾರ ನಿಯಂತ್ರಣದಲ್ಲಿದ್ದು ನಿವೃತ್ತರಾದವರು, ಬೆಂಗಳೂರು

ಉಚ್ಚಾರಣೆಯ ತಪ್ಪಿನಿಂದ ಪ್ರಾಣಕ್ಕೇ ಅಪಾಯವಾಗಬಹುದಾದ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಹಾಗಾಗಿ ಅಲ್ಲಿನ ಪದ್ಧತಿಯನ್ನು ನಿಮಗೆ ತಿಳಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದ ಪ್ರಕಾರ ರೇಡಿಯೊದಲ್ಲಿ 3 ಎಂಬುದನ್ನು 'ಟ್ರೀ' ಎಂದು, 1000 ಎಂಬುದನ್ನು 'ಟೌಸಂಡ್' ಎಂದು, 5 ಎಂಬುದನ್ನು 'ಫೈಫ್' ಎಂದು, 9 ಎಂಬುದನ್ನು 'ನೈನರ್' ಎಂದು ಹೇಳಬೇಕು. 'ತ್ರೀ', 'ಥೌಸಂಡ್' ಪದಗಳ ಮೊದಲಿಗೆ ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಹೇಳುವ ಆ ಧ್ವನಿ ಬರುವುದಿಲ್ಲವೆಂದು ನಮ್ಮ ಮಕ್ಕಳನ್ನು ಎಷ್ಟೋ ಕಡೆ ಹಂಗಿಸುತ್ತಾರೆ. ಆಕಾಶದಲ್ಲಿ ಜಗತ್ತಿನ ಎಲ್ಲರೂ, ಇಂಗ್ಲೆಂಡಿನ ಪೈಲಟ್ ಸಹ, ಅದನ್ನು ಬಿಟ್ಟುಕೊಡಬೇಕೆಂದು ನಿಯಮವೇ ಹೇಳುತ್ತದೆ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಸ್ಪಷ್ಟತೆಯೊಂದೇ. ಭಾಷಾ ಸಾಮರ್ಥ್ಯವನ್ನು ಅಲ್ಲಿ ಆರು ಹಂತಗಳಲ್ಲಿ ಅಳೆಯುತ್ತಾರೆ, ಅಂತರರಾಷ್ಟ್ರೀಯ ಹಾರಾಟದಲ್ಲಿ ಕೆಲಸ ಮಾಡಲು ನಾಲ್ಕನೆಯ ಹಂತ ಬೇಕು. ಅತ್ಯುನ್ನತವಾದ ಆರನೆಯ ಹಂತದಲ್ಲಿಯೂ ಮಾತಿನಲ್ಲಿ ಮಾತೃಭಾಷೆಯ ಅಥವಾ ಪ್ರದೇಶದ ಪ್ರಭಾವ ಇರಬಹುದೆಂದು ಸ್ಪಷ್ಟವಾಗಿ ಬರೆದಿದೆ. ಅದು ಅರ್ಥಕ್ಕೆ ಅಡ್ಡಿಯಾಗಬಾರದು, ಅಷ್ಟೇ.

ನಿಮಗೆ ನೇರವಾಗಿ ಉಪಯೋಗವಾಗುವುದು ಇನ್ನೊಂದಿದೆ. ನಾವು ಕೊಟ್ಟ ಎತ್ತರ, ದಿಕ್ಕು, ರನ್‌ವೇ ಸಂಖ್ಯೆಯನ್ನು ಪೈಲಟ್ ನಮಗೆ ಮರಳಿ ಓದಿ ಹೇಳಲೇಬೇಕು. ಇದರಲ್ಲಿ ಯಾರಿಗೂ ಅವಮಾನವಿಲ್ಲ, ಪ್ರತಿಯೊಂದು ಸಂಭಾಷಣೆಯೂ ಹೀಗೆಯೇ ನಡೆಯುತ್ತದೆ. ನೀವೂ ಸಭೆಯಲ್ಲಿ ತಾರೀಖು ಮತ್ತು ಸಂಖ್ಯೆಗಳನ್ನು ಒಂದೊಂದೇ ಅಂಕೆಯಾಗಿ 'ಒನ್ ತ್ರೀ' ಎಂದು ಹೇಳಿ, ವಾರದ ಹೆಸರನ್ನೂ ಸೇರಿಸಿ, ಅವರಿಂದ ಮರಳಿ ಹೇಳಿಸಿಕೊಳ್ಳಿ.

ವೈದ್ಯ, ಉತ್ತರ ಇಂಗ್ಲೆಂಡ್ (ಊರು ದಾವಣಗೆರೆ)

ಇಂಗ್ಲೆಂಡಿನಲ್ಲಿ ವೈದ್ಯನಾಗಿ ನೋಂದಾಯಿಸಿಕೊಳ್ಳಲು ನಾನು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ ಬರೆದೆ. ಅದರ ಮಾತಿನ ಭಾಗದಲ್ಲಿ ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕಕ್ಕೂ ಸಮಾನ ಅಂಕ. ಅಲ್ಲಿ ಉಚ್ಚಾರಣೆ ಎಂದರೆ ಸುಲಭವಾಗಿ ಅರ್ಥವಾಗುವಂತೆ ಮಾತನಾಡುವುದು, ಬ್ರಿಟಿಷರಂತೆ ಮಾತನಾಡುವುದಲ್ಲ. ಆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಯಾರ್ಕ್‌ಷೈರಿನ ಆಸ್ಪತ್ರೆಯೊಂದಕ್ಕೆ ಬಂದ ಮೊದಲ ವಾರ, ನನ್ನ ಮಾತು ರೋಗಿಗಳಿಗೆ ಅರ್ಥವಾಯಿತು, ಅವರ ಮಾತು ನನಗೆ ಅರ್ಥವಾಗಲಿಲ್ಲ. ಇಲ್ಲಿ 'ಬಸ್' ಎಂಬುದು 'ಬುಸ್' ಎಂಬಂತೆ, 'ಕಪ್' ಎಂಬುದು 'ಕುಪ್' ಎಂಬಂತೆ ಕೇಳುತ್ತದೆ. ಏನೂ ಇಲ್ಲ ಎನ್ನಲು 'ನೌಟ್' ಎನ್ನುತ್ತಾರೆ. ಗಣಿಯಲ್ಲಿ ದುಡಿದಿದ್ದ ಒಬ್ಬ ಅಜ್ಜನನ್ನು ಕೆಲಸದ ಸಮಯ ಕೇಳಿದಾಗ ಅವರು 'ನೈನ್ ವೈಲ್ ಫೈವ್' ಎಂದರು. 'ವೈಲ್' ಎಂದರೆ 'ಅದೇ ವೇಳೆಯಲ್ಲಿ' ಎಂದು ಕಲಿತಿದ್ದ ನಾನು ಪೆನ್ನು ಹಿಡಿದು ಹಾಗೆಯೇ ಕುಳಿತೆ. ಪಕ್ಕದಲ್ಲಿದ್ದ ನರ್ಸ್, ಈ ಕಡೆ ಅದಕ್ಕೆ 'ವರೆಗೆ' ಎಂಬ ಅರ್ಥವೆಂದು ಮೆಲ್ಲಗೆ ಹೇಳಿದರು. ಒಂಬತ್ತರಿಂದ ಐದರವರೆಗೆ.

ಆ ನರ್ಸ್ ಆಮೇಲೆ ಒಂದು ದಿನ ತಮ್ಮ ಕತೆ ಹೇಳಿಕೊಂಡರು. ಅವರು ಕಲಿಯಲು ಲಂಡನ್ನಿಗೆ ಹೋದಾಗ ಸಹಪಾಠಿಗಳು ಅವರ 'ಬುಸ್' ಕೇಳಿ ನಗುತ್ತಿದ್ದರಂತೆ. ಅವರು ಮೂರು ವರ್ಷ ದಕ್ಷಿಣದವರಂತೆ ಮಾತನಾಡಲು ಪ್ರಯತ್ನಿಸಿ, ಊರಿಗೆ ಬಂದಾಗ ತಾಯಿಯ ಮುಂದೆ ಅದೇ ಧ್ವನಿಯಲ್ಲಿ ಮಾತನಾಡಿ, ತಾಯಿ ಸುಮ್ಮನೆ ಎದ್ದು ಒಳಗೆ ಹೋದದ್ದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ಇಂಗ್ಲಿಷ್ ಹುಟ್ಟಿದ ನಾಡಿನ ಮಗಳಿಗೇ ಈ ನಾಚಿಕೆ ಇತ್ತು ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಊರಿನ ವಿಲ್‌ಫ್ರೆಡ್ ಪಿಕಲ್ಸ್ ಬಿಬಿಸಿಯಲ್ಲಿ ರಾಷ್ಟ್ರೀಯ ವಾರ್ತೆ ಓದಲು ಬಂದಾಗ, ಅವರ ಉತ್ತರದ ಧಾಟಿಯನ್ನು ಆಕ್ಷೇಪಿಸಿದ ಕೇಳುಗರೂ ಇದ್ದರು. ಇಂದು ಅದೇ ಬಿಬಿಸಿಯಲ್ಲಿ ಸ್ಕಾಟ್ಲೆಂಡಿನ, ವೇಲ್ಸಿನ, ಉತ್ತರ ಇಂಗ್ಲೆಂಡಿನ ಧಾಟಿಗಳನ್ನು ದಿನವೂ ಕೇಳುತ್ತೇನೆ.

ತಂಗಿ, ನಿಮ್ಮ ಗ್ರಾಹಕರು ಯಾವ ಊರಿನವರೆಂದು ಕೇಳಿ ತಿಳಿದುಕೊಳ್ಳಿ, ಆ ಕಡೆಯ ರೇಡಿಯೊವನ್ನು ದಿನಕ್ಕೆ ಅರ್ಧ ಗಂಟೆ ಕೇಳಿ. ನಾನು ಎರಡು ತಿಂಗಳಲ್ಲಿ ಸುಧಾರಿಸಿಕೊಂಡದ್ದು ಹೀಗೆಯೇ. ನನ್ನ ಮಾತಿನಲ್ಲಿ ನಾನು ಬದಲಾಯಿಸಿದ್ದು ವೇಗವನ್ನು ಮಾತ್ರ. ಔಷಧದ ಹೆಸರು ಮತ್ತು ಪ್ರಮಾಣ ಹೇಳುವ ಮೊದಲು ಒಂದು ಉಸಿರಿನಷ್ಟು ನಿಲ್ಲುತ್ತೇನೆ.

ಹಿಂದೆ ಕಾಲ್‌ಸೆಂಟರಿನಲ್ಲಿ ಉಚ್ಚಾರಣಾ ತರಬೇತಿ ಕೊಡುತ್ತಿದ್ದವರು, ಬೆಂಗಳೂರು

ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ರಾತ್ರಿ ಪಾಳಿಗೆ ಬರುತ್ತಿದ್ದ ಹುಡುಗ ಹುಡುಗಿಯರಿಗೆ ವಿದೇಶಿ ಹೆಸರು ಕೊಟ್ಟು, 'ವಾಟರ್' ಎಂಬುದನ್ನು 'ವಾಡರ್' ಎನ್ನಲು ಕಲಿಸಿದವರಲ್ಲಿ ನಾನೂ ಒಬ್ಬಳು. ಹಾಸನದ ಒಬ್ಬ ಹುಡುಗ ಚೆನ್ನಾಗಿ ಮಾತನಾಡುತ್ತಿದ್ದವನು, ನನ್ನ ಪಾಠದ ನಂತರ ಪ್ರತಿ ಪದಕ್ಕೂ ಹೆದರಿ ತಡವರಿಸತೊಡಗಿದ. ಅದಕ್ಕೆ ನಾನು ಕಾರಣಳಾದೆ ಎಂಬ ನೋವು ಇನ್ನೂ ಇದೆ. ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟು: ಹಣ ಕಟ್ಟುವ ಮೊದಲು ಒಂದು ತರಗತಿಯಲ್ಲಿ ಕುಳಿತು ನೋಡುತ್ತೇನೆಂದು ಕೇಳಿ. ಅಮೆರಿಕದವರಂತೆ ಮಾತನಾಡಿಸುತ್ತೇವೆ ಎಂದರೆ ಹಿಂದಿರುಗಿ ಬನ್ನಿ. ನಿಮ್ಮದೇ ಮಾತನ್ನು ಧ್ವನಿಮುದ್ರಿಸಿ, ಎಲ್ಲಿ ಅರ್ಥ ಕೆಡುತ್ತಿದೆ ಎಂದು ನಿಮ್ಮ ಜೊತೆ ಕುಳಿತು ಕೇಳುವವರಿದ್ದರೆ ಸೇರಬಹುದು. ಶುಲ್ಕವನ್ನು ಕಂಪನಿಯೇ ಕೊಡಬೇಕೆಂದು ಕೇಳಲು ಸಂಕೋಚಪಡಬೇಡಿ, ಏಕೆಂದರೆ ಸೂಚಿಸಿದ್ದು ಅವರೇ.

ಪ್ರಶ್ನೆ ಕೇಳಿದವಳು, ಮೂರು ವಾರಗಳ ನಂತರ

ಅಕ್ಕೋರೇ, ಅಣ್ಣಂದಿರೇ, ಮೇಡಂ, ಎಲ್ಲರಿಗೂ ನಮಸ್ಕಾರ. ತರಬೇತಿಗೆ ಹಣ ಕಟ್ಟಿಲ್ಲ, ಕಂಪನಿಯಿಂದ ಕೊಡುವಿರಾ ಎಂದು ಕೇಳಿದ್ದೇನೆ, ಉತ್ತರ ಬರಬೇಕಿದೆ. ನಮ್ಮ ಗ್ರಾಹಕರು ಸ್ಕಾಟ್ಲೆಂಡಿನ ಗ್ಲಾಸ್ಗೋದವರೆಂದು ತಿಳಿಯಿತು, ಬೆಳಿಗ್ಗೆ ಬಸ್ಸಿನಲ್ಲಿ ಆ ಕಡೆಯ ರೇಡಿಯೊ ಕೇಳುತ್ತಿದ್ದೇನೆ. ಮೊದಲ ವಾರ ಒಂದು ವಾಕ್ಯವೂ ಹಿಡಿಯಲಿಲ್ಲ, ಈಗ ಹವಾಮಾನ ವರದಿ ಪೂರ್ತಿಯಾಗಿ ಅರ್ಥವಾಗುತ್ತದೆ. ಅಣಕಿಸಿದ ಸಹೋದ್ಯೋಗಿಗೆ, ನನ್ನ ಮಾತಿನಲ್ಲಿ ಯಾವ ಪದ ಅರ್ಥವಾಗಲಿಲ್ಲ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಎಲ್ಲವೂ ಅರ್ಥವಾಗಿತ್ತು ಎಂದರು. ಮೊನ್ನೆಯ ಕರೆಯಲ್ಲಿ ಹೊಸ ಗಡುವು ಹೇಳುವ ಸರದಿ ನನ್ನದೇ ಆಗಿತ್ತು. ನಿಂತು, ಉಸಿರು ತೆಗೆದುಕೊಂಡು, 'ಫಿಫ್ಟೀನ್ತ್, ಒನ್ ಫೈವ್, ಥರ್ಸ್‌ಡೇ' ಎಂದೆ. ಆ ಕಡೆಯಿಂದ 'ಒನ್ ಫೈವ್, ಥರ್ಸ್‌ಡೇ' ಎಂದು ಮರಳಿ ಹೇಳಿ, ಮುಂದಿನ ವಿಷಯಕ್ಕೆ ಹೋದರು.